ಲಿಗಮೆಂಟ್ ಶಸ್ತ್ರಚಿಕಿತ್ಸೆಯ ನಂತರ ಗಂಜಿ, ಹುರುಳಿ ಕಟ್ಟಿನ ಸಾರು ಸಾಕೇ?

ಮೊಣಕಾಲಿನ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಗಳಾಗಿವೆ, ಕಬಡ್ಡಿ ಆಡುವ ಮೈ ಕುಳಿತಲ್ಲೇ ದಪ್ಪವಾಗುವ ಭಯದಿಂದ ರಾತ್ರಿಯೂಟ ಬಿಟ್ಟಿದ್ದೇನೆ, ಮನೆಯವರು ನಂಜಾಗುತ್ತದೆಂದು ಗಂಜಿ ಮತ್ತು ಹುರುಳಿ ಕಟ್ಟಿನ ಸಾರನ್ನಷ್ಟೇ ಕೊಡುತ್ತಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ತೂಕ 65 ಕಿಲೋ, ಊರು ಸಾಗರದ ಕಡೆ ಎಂದೂ ಬರೆದಿದ್ದೀರಿ. ನಾನು ವೈದ್ಯನಲ್ಲ, ತೀರ್ಥಹಳ್ಳಿಯಲ್ಲಿ ವಾಲಿಬಾಲ್ ಆಡುವಾಗ ಇದೇ ಲಿಗಮೆಂಟ್ ಹರಿದುಕೊಂಡು, ನೀವೀಗ ಮಾಡುತ್ತಿರುವ ಎರಡೂ ತಪ್ಪುಗಳನ್ನು ಮಾಡಿ, ಆಮೇಲೆ ಆಹಾರತಜ್ಞರೊಬ್ಬರಿಂದ ತಿದ್ದಿಸಿಕೊಂಡವನು.

ಮೊದಲು ರಾತ್ರಿಯೂಟವನ್ನು ಮತ್ತೆ ಆರಂಭಿಸಿ. ಗಾಯ ಮಾಯುವ ಕೆಲಸಕ್ಕೇ ದೇಹ ಸಾಕಷ್ಟು ಶಕ್ತಿಯನ್ನು ವ್ಯಯಿಸುತ್ತದೆ, ಊರುಗೋಲಿನ ನಡಿಗೆಯಂತೂ ಸಾಮಾನ್ಯ ನಡಿಗೆಗಿಂತ ಹೆಚ್ಚು ಶ್ರಮದ್ದು. ಅಭ್ಯಾಸದ ದಿನಗಳಷ್ಟು ಅನ್ನ ಬೇಡ, ನಿಜ. ಆದರೆ ಉಪವಾಸ ಬಿದ್ದರೆ ಕರಗುವುದು ಬೊಜ್ಜು ಮಾತ್ರವಲ್ಲ, ಅಲುಗಾಡದ ಕಾಲಿನ ಸ್ನಾಯು ಕೆಲವೇ ದಿನಗಳಲ್ಲಿ ಸೊರಗತೊಡಗುತ್ತದೆ. ತೂಕ ಇಳಿಯಿತೆಂದು ಹಿಗ್ಗುತ್ತಿದ್ದ ನಾನು ಒಂದು ದಿನ ದರ್ಜಿಯ ಟೇಪು ಹಿಡಿದು ಎರಡೂ ತೊಡೆಗಳನ್ನು ಅಳೆದಾಗ, ಆಪರೇಷನ್ ಆದ ಕಾಲು ಇನ್ನೊಂದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣಗಾಗಿತ್ತು.

ಈ ಹಂತದಲ್ಲಿ ಮುಖ್ಯವಾಗಿ ಬೇಕಾದದ್ದು ಪ್ರೋಟೀನು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.6ರಿಂದ 2 ಗ್ರಾಂ ಎಂಬ ಲೆಕ್ಕದಲ್ಲಿ ನಿಮಗೆ 104ರಿಂದ 130 ಗ್ರಾಂ ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಇಷ್ಟು ತಿನ್ನಬಾರದು. ಕೆಲಸವಿಲ್ಲದ ಸ್ನಾಯು ಪ್ರೋಟೀನನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಎಲ್ಲವನ್ನೂ ಮಧ್ಯಾಹ್ನವೇ ತಿಂದು ಮುಗಿಸದೆ, ನಾಲ್ಕೈದು ಹೊತ್ತಿಗೆ ಸುಮಾರು 26 ಗ್ರಾಮಿನಂತೆ ಹಂಚಿಕೊಳ್ಳುವುದು ಒಳ್ಳೆಯದು. ನಮ್ಮ ಮಲೆನಾಡಿನ ಬೆಳಗಿನ ತಿಂಡಿ ಸೋಲುವುದು ಇಲ್ಲೇ: ಕಡುಬು, ಕಾಯಿಚಟ್ನಿಯಲ್ಲಿ ಪ್ರೋಟೀನು ತೀರಾ ಕಡಿಮೆ. ಅದರ ಜೊತೆಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಸೇರಿದರೆ ಹದಿನೆಂಟು ಗ್ರಾಮಿನಷ್ಟು ಬರುತ್ತದೆ.

ಹುರುಳಿಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ, ಆದರೆ ಅದರ ಬಹುಪಾಲು ಇರುವುದು ಕಾಳಿನಲ್ಲಿ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿ ಬಸಿದು, ಕಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ನನಗೆ ಬಡಿಸಿ, ಕಾಳನ್ನು ಬಕೆಟ್ಟಿಗೆ ಸುರಿದು ಕೊಟ್ಟಿಗೆಗೆ ಒಯ್ಯುತ್ತಿದ್ದರು. ಲಿಗಮೆಂಟ್ ಹರಿದದ್ದು ನನ್ನದು, ಪಥ್ಯ ಎಮ್ಮೆಯದು. ಕಾಳನ್ನೇ ಮೊಳಕೆ ಬರಿಸಿ ಪಲ್ಯ ಮಾಡಿಸಿಕೊಳ್ಳಿ. ಮೀನು ತಿನ್ನುವವರಾದರೆ ಬಂಗುಡೆ, ಭೂತಾಯಿ ಎರಡೂ ಉತ್ತಮ. ಭೂತಾಯಿಯ ಮೆದು ಮುಳ್ಳನ್ನು ಅಗಿದು ತಿಂದರೆ ಸುಣ್ಣದಂಶವೂ ಸಿಗುತ್ತದೆ. ತಿನ್ನದಿದ್ದರೆ ಸೋಯಾ ಚಂಕ್ಸ್ ಇದೆ, ಒಣಗಿದ್ದು ಐವತ್ತು ಗ್ರಾಮಿಗೆ ಸುಮಾರು 25 ಗ್ರಾಂ ಪ್ರೋಟೀನು.

ಲಿಗಮೆಂಟಿನ ಮೂಲದ್ರವ್ಯವಾದ ಕೊಲಾಜೆನ್ ತಯಾರಾಗಲು ಸಿ ಜೀವಸತ್ವ ಅನಿವಾರ್ಯ. ಹಸಿ ನೆಲ್ಲಿಕಾಯಿಯ ತಂಬುಳಿ ಅಥವಾ ಒಂದು ಪೇರಳೆಹಣ್ಣು (ಸೀಬೆ) ಸಾಕು, ಮಾತ್ರೆ ಬೇಕಿಲ್ಲ. ನಮ್ಮಲ್ಲಿ ಮಳೆಗಾಲವಿಡೀ ಬಿಸಿಲು ಕಾಣುವುದೇ ಅಪರೂಪವಾದ್ದರಿಂದ ಡಿ ಜೀವಸತ್ವವನ್ನು ರಕ್ತಪರೀಕ್ಷೆ ಮಾಡಿಸಿ ನೋಡಿಕೊಂಡು, ಕೊರತೆಯಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲೇ ಸೇವಿಸಿ. ಮದ್ಯವಿದ್ದರೆ ಸದ್ಯಕ್ಕೆ ದೂರವಿಡಿ, ಅದು ಸ್ನಾಯು ಕಟ್ಟುವ ಕ್ರಿಯೆಯನ್ನೇ ಕುಂಠಿತಗೊಳಿಸುತ್ತದೆ.

ಇನ್ನು ನಂಜಿನ ಮಾತು. ಅಲರ್ಜಿಯಿಲ್ಲದವರಿಗೆ ಮೊಟ್ಟೆ, ಮೀನಿನಿಂದ ಗಾಯ ಕೀವಾಗುವುದಿಲ್ಲ, ಆದರೆ ಇದನ್ನು ನೀವು ಹೇಳಿದರೆ ಮನೆಯಲ್ಲಿ ಯಾರೂ ಒಪ್ಪಲಾರರು. ಹೊಲಿಗೆ ಬಿಚ್ಚಿಸಲು ಹೋಗುವಾಗ ಅಮ್ಮನನ್ನೂ ಕರೆದೊಯ್ದು ಅವರೆದುರೇ ಡಾಕ್ಟರನ್ನು ಕೇಳಿ. ನಾನು ಹಾಗೇ ಮಾಡಿದ್ದೆ, ನಮ್ಮ ಮನೆಯಲ್ಲಿ ಮಾರನೆಯ ಬೆಳಿಗ್ಗೆಯೇ ಕಡುಬಿನ ಜೊತೆ ಮೊಟ್ಟೆ ಬಂತು. ಬದನೆಕಾಯಿಯ ಬಗ್ಗೆ ಕೇಳಲು ನಾನು ಮರೆತಿದ್ದೆ, ಅದು ಆರು ತಿಂಗಳು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ.