ಲೀಡ್ಸಿನ ಮೊದಲ ಕ್ರಿಸ್‌ಮಸ್ ಊಟ: ಚಿಕ್ಕಬಳ್ಳಾಪುರದ ತಂಗಿಯ ಪ್ರಶ್ನೆಗೆ

ಡಿಸೆಂಬರ್ ಎರಡನೇ ವಾರ ಚಿಕ್ಕಬಳ್ಳಾಪುರದಿಂದ ಹೊರಡುತ್ತೇನೆ ಅಂತ ಬರೆದಿದ್ದೀಯ. ಗಂಡ ಆಗಲೇ ಇಂಗ್ಲೆಂಡಿನ ಲೀಡ್ಸಿನಲ್ಲಿದ್ದಾರೆ. ಅವರ ಆಫೀಸಿನವರೊಬ್ಬರು 25ಕ್ಕೆ ನಿಮ್ಮಿಬ್ಬರನ್ನೂ ಮನೆಗೆ ಊಟಕ್ಕೆ ಕರೆದಿದ್ದಾರೆ. ನೀವು ಮಾಂಸ ತಿನ್ನುವವರಲ್ಲ, ಕುಡಿಯುವವರೂ ಅಲ್ಲ. ಹೋಗಬೇಕಾ ಬೇಡವಾ, ಹೋದರೆ ತಟ್ಟೆಗೆ ಏನು ಬೀಳುತ್ತದೆ, ಊರಿಂದ ಏನು ತರಲಿ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಉತ್ತರ ಬರೆಯುತ್ತೇನೆ. ನಾನು ಕೋಲಾರದವಳು. ಮ್ಯಾಂಚೆಸ್ಟರಿಗೆ ಬಂದ ಮೇಲೆ ಹುಟ್ಟಿದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಖಂಡಿತ ಹೋಗು. ಹಬ್ಬ ಅಂದರೆ ನಮಗೆ ಬೀದಿ ತುಂಬ ಜನ, ಬಜಾರ್ ರಸ್ತೆಯಲ್ಲಿ ಕಾಲಿಡಲು ಜಾಗ ಇಲ್ಲ. ಇಲ್ಲಿ 25ನೇ ತಾರೀಖು ಹೊರಗೆ ಏನೂ ಇರುವುದಿಲ್ಲ. ರೈಲು ಓಡುವುದಿಲ್ಲ. ಬಸ್ಸನ್ನೂ ನಂಬಬೇಡ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಆ ದಿನ ಬಾಗಿಲು ತೆರೆಯುವಂತಿಲ್ಲ ಅಂತ 2004ರ ಕಾನೂನೇ ಇದೆ. ನಾಲ್ಕು ಗಂಟೆಯೊಳಗೆ ಕತ್ತಲಾಗುತ್ತದೆ. ಇಡೀ ಹಬ್ಬ ನಡೆಯುವುದು ಮನೆಯೊಳಗೆ, ಊಟದ ಟೇಬಲ್ಲಿನ ಸುತ್ತ. ಹೊಸದಾಗಿ ಬಂದವರು ಬಾಡಿಗೆ ಫ್ಲಾಟಿನಲ್ಲಿ ಇಬ್ಬರೇ ಕೂತರೆ ಆ ದಿನ ಬಹಳ ಉದ್ದ ಅನ್ನಿಸುತ್ತದೆ. ಇಲ್ಲಿನವರು ಈ ಊಟಕ್ಕೆ ಹೆಚ್ಚಾಗಿ ಮನೆಯವರನ್ನಷ್ಟೇ ಕರೆಯುತ್ತಾರೆ. ನಿಮ್ಮನ್ನು ಕರೆದಿದ್ದಾರೆ ಅಂದರೆ ಸುಮ್ನೆ ಬಾಯಿಮಾತಿಗೆ ಕರೆದದ್ದಲ್ಲ. ಹೋಗಿ ಬರುವುದು ಹೇಗೆ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.

ಊಟ ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಯಾವಾಗಲಾದರೂ ಆಗಬಹುದು. ನಡುವೆ ಇಡುವುದು ಟರ್ಕಿ ಕೋಳಿ. ಇಡೀ ಕೋಳಿಯನ್ನು ಓವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ. (ನಾನು ಮಾಂಸ ತಿನ್ನುವವಳು, ಆದರೂ ಟರ್ಕಿ ನನಗೆ ಸೇರುವುದಿಲ್ಲ. ಒಣಒಣ. ನಮ್ಮ ಮನೆಯಲ್ಲಿ ಆ ದಿನ ನಾಟಿ ಮಸಾಲೆ ಸವರಿದ ಸಾದಾ ಕೋಳಿಯೇ.) ಅದರ ಜೊತೆ ಬ್ರೆಡ್ಡು, ಈರುಳ್ಳಿ, ಸೇಜ್ ಸೊಪ್ಪಿನ ಸ್ಟಫಿಂಗ್, ಬೇಕನ್ (ಹಂದಿ ಮಾಂಸದ ತೆಳು ಪಟ್ಟಿ) ಸುತ್ತಿದ ಪುಟ್ಟ ಸಾಸೇಜ್, ಕ್ರ್ಯಾನ್‌ಬೆರಿ ಸಾಸ್, ಹುರಿದ ಆಲೂಗಡ್ಡೆ, ಕ್ಯಾರೆಟ್, ಪಾರ್ಸ್ನಿಪ್ ಎಂಬ ಸಿಹಿ ಗೆಡ್ಡೆ, ಪುಟಾಣಿ ಎಲೆಕೋಸಿನಂಥ ಬ್ರಸಲ್ಸ್ ಸ್ಪ್ರೌಟ್ಸ್. ಎಲ್ಲದರ ಮೇಲೆ ಗ್ರೇವಿ. ಲೀಡ್ಸ್ ಇರುವುದು ಯಾರ್ಕ್‌ಷೈರ್ ಪ್ರಾಂತದಲ್ಲಿ, ಆದ್ದರಿಂದ ಹಿಟ್ಟು, ಮೊಟ್ಟೆ, ಹಾಲು ಕಲಸಿ ಉಬ್ಬಿಸಿದ ಯಾರ್ಕ್‌ಷೈರ್ ಪುಡಿಂಗ್ ಕೂಡ ತಟ್ಟೆಗೆ ಬರಬಹುದು.

ಪಟ್ಟಿ ನೋಡಿದರೆ ಅರ್ಧ ತರಕಾರಿಯೇ ಅಲ್ವಾ ಅನ್ನಿಸುತ್ತದೆ. ಎಚ್ಚರ ಬೇಕಾಗಿರುವುದು ಅಲ್ಲೇ. ಆಲೂಗಡ್ಡೆ ಗರಿಗರಿ ಬರಲಿ ಅಂತ ಬಹಳ ಮನೆಗಳಲ್ಲಿ ಬಾತುಕೋಳಿ ಇಲ್ಲವೇ ಹೆಬ್ಬಾತಿನ ಕೊಬ್ಬಿನಲ್ಲಿ ಹುರಿಯುತ್ತಾರೆ. ಯಾರ್ಕ್‌ಷೈರ್ ಪುಡಿಂಗಿಗೆ ದನದ ಕೊಬ್ಬು ಬಳಸುವವರಿದ್ದಾರೆ. ಗ್ರೇವಿ ಮಾಡುವುದು ಕೋಳಿ ಬೆಂದಾಗ ಇಳಿದ ರಸದಿಂದ. ಸ್ಪ್ರೌಟ್ಸ್ ಜೊತೆ ಬೇಕನ್ ಚೂರು ಹಾಕುವುದೂ ಉಂಟು. ಅವರು ಮೋಸ ಮಾಡುತ್ತಿಲ್ಲ, ಅವರ ಮಟ್ಟಿಗೆ ಅದು ಒಗ್ಗರಣೆ ಎಣ್ಣೆ ಇದ್ದ ಹಾಗೆ, ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಈಗಲೇ ಹೇಳಬೇಕು, ಅಲ್ಲಿ ಹೋಗಿ ಕೂತ ಮೇಲಲ್ಲ. ಅವರ ಮನೆಯಲ್ಲಿ ಓವನ್ ಇರುವುದು ಒಂದೇ. ಯಾವುದು ಎಷ್ಟು ಗಂಟೆಗೆ ಒಳಗೆ ಹೋಗಬೇಕು ಅಂತ ಕಾಗದದಲ್ಲಿ ಬರೆದು ಅಂಟಿಸಿಕೊಂಡಿರುತ್ತಾರೆ. ಕೊನೆ ಗಳಿಗೆಯಲ್ಲಿ ನಿಮಗಾಗಿ ಬೇರೆ ತಟ್ಟೆಗೆ ಜಾಗವೇ ಇರುವುದಿಲ್ಲ. ಮೊದಲೇ ತಿಳಿಸಿದರೆ ನಟ್ ರೋಸ್ಟ್ ತಂದಿಟ್ಟಿರುತ್ತಾರೆ. ಬಾದಾಮಿ, ಗೋಡಂಬಿಯಂಥ ಬೀಜಗಳನ್ನು ತರಕಾರಿ, ಬ್ರೆಡ್ ಜೊತೆ ಅರೆದು ಬೇಯಿಸಿದ ಗಟ್ಟಿ ತಿನಿಸು ಅದು, ಹೊಟ್ಟೆ ತುಂಬುತ್ತದೆ. "ನಾವು ವೆಜಿಟೇರಿಯನ್" ಅಂತಷ್ಟೇ ಬರೆದರೆ ಸಾಲದು. ಮೊಟ್ಟೆ ತಿನ್ನುತ್ತೀರಾ, ಪ್ರಾಣಿ ಕೊಬ್ಬು ಆಗುತ್ತದಾ, ಅಡುಗೆಯಲ್ಲಿ ಬ್ರಾಂದಿ ಇದ್ದರೆ ಪರವಾಗಿಲ್ಲವಾ, ಬಿಡಿಸಿ ಬರೆಸು. ಇಲ್ಲಿ ಅದನ್ನು ಸೊಕ್ಕು ಅಂದುಕೊಳ್ಳುವುದಿಲ್ಲ. ಕೇಳದೆ ಬಂದು ತಟ್ಟೆಯಲ್ಲಿ ಬಿಟ್ಟು ಎದ್ದರೆ ಬೇಜಾರಾಗುತ್ತದೆ.

ಸಿಹಿಯ ವಿಷಯ ಇನ್ನೂ ಸೂಕ್ಷ್ಮ. ಕ್ರಿಸ್‌ಮಸ್ ಪುಡಿಂಗ್ ಅಂದರೆ ಒಣಹಣ್ಣು, ಮಸಾಲೆ, ಸಕ್ಕರೆ ಸೇರಿಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ ಕಪ್ಪು ಮುದ್ದೆ. ನವೆಂಬರ್ ಕೊನೆಯ ಹೊತ್ತಿಗೇ ಮಾಡಿಟ್ಟಿರುತ್ತಾರೆ. ಟೇಬಲ್ಲಿಗೆ ತರುವಾಗ ಬ್ರಾಂದಿ ಸುರಿದು ಬೆಂಕಿ ಹಚ್ಚುತ್ತಾರೆ, ದೀಪ ಆರಿಸಿ ನೀಲಿ ಜ್ವಾಲೆ ನೋಡುತ್ತಾರೆ. ನೋಡಲು ಚೆಂದ. ಆದರೆ ಹಳೇ ಪದ್ಧತಿಯಲ್ಲಿ ಅದಕ್ಕೆ ಸ್ಯೂಯೆಟ್ ಹಾಕುತ್ತಾರೆ, ಅಂದರೆ ದನದ ಕೊಬ್ಬು. ಪುಟ್ಟ ಮಿನ್ಸ್ ಪೈ ಒಳಗೆ ಈಗ ಮಾಂಸ ಇರುವುದಿಲ್ಲ, ಒಣದ್ರಾಕ್ಷಿ ಹೂರಣ ಇರುತ್ತದೆ, ಆದರೆ ಅದರಲ್ಲೂ ಸ್ಯೂಯೆಟ್ ಇರಬಹುದು. ಅಂಗಡಿಯಲ್ಲಿ ತಂದದ್ದಾದರೆ ಡಬ್ಬಿ ನೋಡು. ಈಗ ಬಹಳಷ್ಟು ಸಸ್ಯದ ಕೊಬ್ಬಿನದ್ದೇ ಸಿಗುತ್ತವೆ, ಮೇಲೆ ಸಸ್ಯಾಹಾರಿ ಗುರುತಿರುತ್ತದೆ. ಕ್ರಿಸ್‌ಮಸ್ ಕೇಕಿಗೆ ಬ್ರಾಂದಿ ಕುಡಿಸಿರುತ್ತಾರೆ. ಯಾರ್ಕ್‌ಷೈರಿನವರು ಆ ಕೇಕಿನ ಜೊತೆ ವೆನ್ಸ್‌ಲೀಡೇಲ್ ಚೀಸ್ ತಿನ್ನುತ್ತಾರೆ! ನಗಬೇಡ, ತಿಂದು ನೋಡಿದರೆ ಚೆನ್ನಾಗಿಯೇ ಇದೆ. ಇದ್ಯಾವುದೂ ಬೇಡ ಅಂದರೆ ಚಾಕಲೇಟಿನ ದೊಡ್ಡ ಡಬ್ಬಿಯೊಂದು ಕೈಯಿಂದ ಕೈಗೆ ಓಡಾಡುತ್ತಿರುತ್ತದೆ. ಬಹುಶಃ ಕ್ವಾಲಿಟಿ ಸ್ಟ್ರೀಟ್. ನಿಮ್ಮ ಲೀಡ್ಸಿನ ಹತ್ತಿರದ ಹ್ಯಾಲಿಫ್ಯಾಕ್ಸಿನಲ್ಲೇ 1936ರಲ್ಲಿ ಶುರುವಾದದ್ದು.

ಕುಡಿಯುವ ವಿಷಯಕ್ಕೆ ನೀನು ಜಾಸ್ತಿ ಹೆದರಿದ್ದೀಯ. ಬೆಳಗ್ಗೆಯಿಂದಲೇ ಗ್ಲಾಸು ಕೈಯಲ್ಲಿರುತ್ತದೆ, ನಿಜ. ಒಳಗೆ ಕಾಲಿಟ್ಟ ಕೂಡಲೇ ಬಕ್ಸ್ ಫಿಜ್ ಕೊಡಬಹುದು. ಕಿತ್ತಳೆ ರಸದ ಬಣ್ಣ ಇರುತ್ತದೆ, ಆದರೆ ಶಾಂಪೇನ್ ಬೆರೆಸಿರುತ್ತಾರೆ. ಜ್ಯೂಸ್ ಅಂದುಕೊಂಡು ಎತ್ತಬೇಡ. ಊಟಕ್ಕೆ ವೈನ್, ಆಮೇಲೆ ಪೋರ್ಟ್, ಶೆರ್ರಿ, ಬೇಲೀಸ್ ಅಂತ ಬೇರೆ ಬೇರೆ ಮದ್ಯ. ಒಲೆಯ ಮೇಲೆ ಮಲ್ಡ್ ವೈನ್ ಇರುತ್ತದೆ. ಕೆಂಪು ವೈನಿಗೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಬಿಸಿ ಮಾಡಿದ್ದು. ವಾಸನೆಗೆ ಮನಸ್ಸು ಕರಗುತ್ತದೆ. ಕುದಿಸಿದರೆ ರುಚಿ ಕೆಡುತ್ತದೆ ಅಂತ ಬೆಚ್ಚಗಷ್ಟೇ ಇಡುತ್ತಾರೆ, ಹಾಗಾಗಿ ಅಮಲು ಅದರಲ್ಲೇ ಉಳಿದಿರುತ್ತದೆ. "ನಾನು ಕುಡಿಯುವುದಿಲ್ಲ, ಬೇರೆ ಏನಿದೆ?" ಅಂತ ಒಮ್ಮೆ ಹೇಳಿದರೆ ಮುಗಿಯಿತು. ಕಾರು ಓಡಿಸುವವರು ಯಾರಾದರೂ ಇದ್ದೇ ಇರುತ್ತಾರೆ, ಅವರಿಗಾಗಿ ಎಲ್ಡರ್‌ಫ್ಲವರ್ ಹೂವಿನ ಶರಬತ್ತೋ ಸೇಬಿನ ಜ್ಯೂಸೋ ತಂದಿಟ್ಟಿರುತ್ತಾರೆ. ನಮ್ಮೂರಿನ ಮದುವೆ ಮನೆಯ "ಇನ್ನೊಂದು ಹೋಳಿಗೆ" ಬಲವಂತ ಇಲ್ಲಿ ಇಲ್ಲ.

ಮಲ್ಡ್ ವೈನಿನ ಘಮ ಬೇಕು, ವೈನ್ ಬೇಡ ಅಂದರೆ ನಿನ್ನ ಮನೆಯಲ್ಲೇ ಮಾಡಿಕೋ. ಒಂದು ಲೀಟರ್ ಸೇಬಿನ ಜ್ಯೂಸ್, ಒಂದು ಉದ್ದ ಚಕ್ಕೆ, ನಾಲ್ಕೈದು ಲವಂಗ, ಜಜ್ಜಿದ ಶುಂಠಿ, ಕಿತ್ತಳೆಯ ಎರಡು ಬಿಲ್ಲೆ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಸಕ್ಕರೆ ಬೇಡವೇ ಬೇಡ. ನನ್ನ ಮಕ್ಕಳು ಡಿಸೆಂಬರ್ ಪೂರ್ತಿ ಇದನ್ನೇ ಕುಡಿಯುತ್ತಾರೆ.

ಪಕ್ಕದ ಮನೆ ಆಂಟಿ ಒಂದು ಬಾಟಲಿ ದ್ರಾಕ್ಷಿ ವೈನ್ ಕಳಿಸುತ್ತೇನೆ ಅಂದರು ಅಂತ ಬರೆದಿದ್ದೀಯ. ಆಸೆಯಾಯಿತು. ಚಿಕ್ಕಬಳ್ಳಾಪುರದ ಸುತ್ತಿನ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಸಕ್ಕರೆ, ಚಕ್ಕೆ, ಲವಂಗದ ಜೊತೆ ಜಾಡಿಯಲ್ಲಿಟ್ಟು ವಾರಗಟ್ಟಲೆ ಕಲಕಿ ಮಾಡುವ ಆ ವೈನ್ ನಮ್ಮ ಕೋಲಾರದ ಕಡೆಯೂ ಉಂಟು. ಕೆಜಿಎಫ್‌ನ ಕ್ರಿಶ್ಚಿಯನ್ ಗೆಳತಿಯರ ಮನೆಯಿಂದ ಕಲ್‌ಕಲ್ ಎಂಬ ಕರಿದ ಸಿಹಿ ತಿಂಡಿ, ರೋಸ್ ಕುಕ್ಕೀಸ್, ಪ್ಲಮ್ ಕೇಕ್ ಬರುತ್ತಿತ್ತು. ವೈನ್ ಮಾತ್ರ ದೊಡ್ಡವರಿಗೆ. ಆದರೆ ಮನೆ ವೈನ್ ಬಾಟಲಿಯೊಳಗೂ ಹುಳಿಯುತ್ತಲೇ ಇರುತ್ತದೆ, ಗ್ಯಾಸ್ ತುಂಬಿ ಬಿರಡೆ ಹಾರಿದರೆ ನಿನ್ನ ಸೀರೆಗಳ ಗತಿ ಅಷ್ಟೇ. ಅದರ ಬದಲು ಆಂಟಿಯ ಹತ್ತಿರ ಹಾಲು, ಬೆಣ್ಣೆ ಹಾಕದ ಕಲ್‌ಕಲ್ ಕೇಳು. ನಿಮ್ಮನ್ನು ಕರೆದವರಿಗೆ ನಮ್ಮೂರಲ್ಲೂ ಈ ಹಬ್ಬ ಇದೆ ಅಂತ ಗೊತ್ತಾಗಲಿ. ಕೇಳಿದರೆ ಅವರಿಗೆ ಆಶ್ಚರ್ಯವಾಗುತ್ತದೆ ನೋಡು.

ಇನ್ನು ಪೆಟ್ಟಿಗೆ. ಭಾರತದಿಂದ ಬರುವವರು ಇಲ್ಲಿಗೆ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಪೇಡ, ಕೋವಾ, ಅಮ್ಮ ಕಾಯಿಸಿದ ತುಪ್ಪ, ಎಲ್ಲ ಅಲ್ಲೇ ಬಿಟ್ಟು ಬಾ. ಚಕ್ಕುಲಿ, ಕೋಡುಬಳೆ ತಾ, ಆದರೆ ಎಣ್ಣೆಯಲ್ಲೇ ಕರಿದದ್ದು, ಬೆಣ್ಣೆ ಹಾಕದ್ದು. ಊಟಕ್ಕೆ ಮುಂಚೆ ಗ್ಲಾಸು ಹಿಡಿದು ನಿಂತು ಹರಟುವಾಗ ಇವು ಖಾಲಿಯಾಗುವ ವೇಗ ನೋಡಬೇಕು. ಖಾರ ಸ್ವಲ್ಪ ಕಡಿಮೆ ಇರಲಿ. ಕಡಲೆಕಾಯಿ ಚಿಕ್ಕಿ, ಕಡಲೆಬೀಜ ಹಾಕಿದ ನಿಪ್ಪಟ್ಟು ಮಾತ್ರ ಕೇಳದೆ ಒಯ್ಯಬೇಡ. ಇಲ್ಲಿ ಕೆಲವರಿಗೆ ಕಡಲೆಕಾಯಿ ಅಲರ್ಜಿ ಜೀವಕ್ಕೇ ಕುತ್ತು ತರುವಷ್ಟು ಇರುತ್ತದೆ.

ಅವರ ಮನೆಯಲ್ಲಿ ಕ್ರ್ಯಾಕರ್ ಎಳೆಯಲು ಕೊಡುತ್ತಾರೆ. ನಮ್ಮ ಪಟಾಕಿಯಲ್ಲ, ಬಣ್ಣದ ಕಾಗದ ಸುತ್ತಿದ ಕೊಳವೆ. ಒಂದು ತುದಿ ನೀನು, ಇನ್ನೊಂದು ಪಕ್ಕದವರು. ಪಟ್ ಅನ್ನುತ್ತದೆ, ಒಳಗೆ ಕಾಗದದ ಕಿರೀಟ. ಎಲ್ಲರೂ ಹಾಕಿಕೊಂಡೇ ಊಟ ಮಾಡುತ್ತಾರೆ, ನೀನೂ ಹಾಕಿಕೋ. ಮೂರು ಗಂಟೆಗೆ ಟಿವಿಯಲ್ಲಿ ರಾಜನ ಭಾಷಣ. ಆಮೇಲೆ ಅರ್ಧ ಜನ ಸೋಫಾದಲ್ಲೇ ತೂಕಡಿಸುತ್ತಾರೆ. ಪಾತ್ರೆ ಒರೆಸಲು ಕೈ ಹಾಕಿದರೆ ಬೇಡ ಅನ್ನುತ್ತಾರೆ, ಆದರೂ ಹಾಕು.

ಅವರೆಕಾಯಿ ಕಾಲದಲ್ಲಿ ಊರು ಬಿಟ್ಟು ಬರುತ್ತಿದ್ದೇನೆ ಅಂತ ಅತ್ತುಕೊಂಡಿದ್ದೀಯಲ್ಲ, ಅದಕ್ಕೂ ದಾರಿ ಇದೆ. ಹಸಿ ಕಾಯಿ ತರಲು ಹೋಗಬೇಡ, ಪ್ರಮಾಣಪತ್ರ ಇಲ್ಲದೆ ಬಿಡುವುದಿಲ್ಲ. ಗುಜರಾತಿ ಅಂಗಡಿಗಳ ಫ್ರೀಜರಿನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಪ್ಯಾಕೆಟ್ ಸಿಗುತ್ತದೆ. ಅದು ನಮ್ಮ ಅವರೆಕಾಳಿನ ಜಾತಿಯದ್ದೇ. ಸೊಗಡು ಇರುವುದಿಲ್ಲ, ಆದರೆ ನೆನೆಸಿ ಹಿತುಕಿದರೆ ಸಾರಾಗುತ್ತದೆ. 26 ಕೂಡ ಇಲ್ಲಿ ರಜೆ. ಆ ದಿನ ನಮ್ಮ ಮನೆಗೆ ಕೋಲಾರ, ತುಮಕೂರು ಕಡೆಯ ನಾಲ್ಕೈದು ಸಂಸಾರ ಬರುತ್ತವೆ. ಹಿತಕಬೇಳೆ ಸಾರು, ಮುದ್ದೆ, ಮತ್ತೆ ಹಿಂದಿನ ದಿನ ಉಳಿದ ಬ್ರಸಲ್ಸ್ ಸ್ಪ್ರೌಟ್ಸಿಗೆ ಸಾಸಿವೆ, ಒಣಮೆಣಸಿನಕಾಯಿ, ಕಾಯಿತುರಿ ಹಾಕಿದ ಪಲ್ಯ. ಅಂದು ರೈಲು ಕಡಿಮೆ, ಕಾರಿರುವವರು ಯಾರಾದರೂ ಲೀಡ್ಸಿನಿಂದ ಹೊರಡುತ್ತಾರಾ ಅಂತ ಕೇಳಿ ನಿನಗೆ ಹೇಳುತ್ತೇನೆ. ರಾಗಿಹಿಟ್ಟು ಒಂದು ಕೆಜಿ ಹೆಚ್ಚಿಗೆ ಇಟ್ಟುಕೊಂಡು ಬಾ, ನಮ್ಮಲ್ಲಿ ಮುಗಿಯುತ್ತಾ ಬಂದಿದೆ.