ಕಣ್ಣು ಉಳಿದು ಮೂಳೆ ಮುರಿದದ್ದು ಹೇಗೆ?

ನಿಮ್ಮ ತಮ್ಮನ ಕಣ್ಣಿಗೆ ಚೆಂಡು ಬಡಿದು, ಗುಡ್ಡೆಗೆ ಏನೂ ಆಗದೆ ಅದರ ಕೆಳಗಿನ ಮೂಳೆ ಮಾತ್ರ ಮುರಿದದ್ದು ಹೇಗೆ ಅಂತ ಕೇಳಿದ್ದೀರಿ. ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಪೆಟ್ಟು ಇದು.

ಕಣ್ಣಿನ ಗೂಡಿನ ಅಂಚು ಗಟ್ಟಿ. ತಳ ಮಾತ್ರ ಬಲು ತೆಳು, ಕೆಲವೆಡೆ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಅದರಡಿ ಇರುವುದು ಸೈನಸ್ಸಿನ, ಅಂದರೆ ಕೆನ್ನೆಯೊಳಗಿನ ಟೊಳ್ಳಿನ, ಗಾಳಿ. ಚೆಂಡು ಬಡಿದ ಕ್ಷಣ ಗೂಡಿನೊಳಗೆ ಒತ್ತಡ ಏರುತ್ತದೆ, ಅಂಚೂ ಸ್ವಲ್ಪ ಬಾಗುತ್ತದೆ. ಎರಡೂ ಸೇರಿ ತಳವನ್ನು ಒಡೆಯುತ್ತವೆ. ಒತ್ತಡಕ್ಕೆ ಹೀಗೆ ದಾರಿ ಸಿಗುವುದರಿಂದ ಗುಡ್ಡೆ ಎಷ್ಟೋ ಸಲ ಉಳಿದುಕೊಳ್ಳುತ್ತದೆ.

ಮುಖದ ಮೂಳೆಗಳೆಲ್ಲ ಒಂದೇ ಬಲದವಲ್ಲ. ಹಣೆಯದು ಬಹಳ ಪೆಟ್ಟು ತಡೆಯುತ್ತದೆ, ಮೂಗಿನದು ಬೇಗ ಮುರಿಯುತ್ತದೆ. ಗದ್ದಕ್ಕೆ ಬಿದ್ದ ಏಟಿಗೆ ದೂರದಲ್ಲಿ, ಕಿವಿಯ ಮುಂದಿನ ದವಡೆ ಕೀಲಿನ ಹತ್ತಿರ ಬಿರುಕು ಬಿಡುವುದೂ ಉಂಟು. ಫ್ರೆಂಚ್ ವೈದ್ಯ ರೆನೆ ಲೆ ಫೋರ್ ಶವಗಳ ತಲೆಗೆ ಪೆಟ್ಟು ಕೊಟ್ಟು ಪರೀಕ್ಷಿಸಿ, ನಡುಮುಖ ಒಡೆಯುವ ಮೂರು ಮುಖ್ಯ ಗೆರೆಗಳನ್ನು 1901ರಲ್ಲೇ ವಿವರಿಸಿದ್ದರು.

ನನಗೆ ಆತಂಕ ಇರುವುದು ಬೇರೆ ವಿಷಯಕ್ಕೆ. ನಿಮ್ಮ ತಮ್ಮ ಚಿಕ್ಕ ಹುಡುಗನಾ? ಎಳೆಯ ಮೂಳೆ ಬಾಗಿ, ಮತ್ತೆ ಮುಚ್ಚಿಕೊಂಡು, ಕಣ್ಣು ತಿರುಗಿಸುವ ಸ್ನಾಯುವನ್ನು ಬಿರುಕಿನಲ್ಲಿ ಕಚ್ಚಿ ಹಿಡಿಯಬಹುದು. ಆಗ ಕಣ್ಣು ಎಷ್ಟೋ ಸಲ ಕೆಂಪಾಗದೆ ನೋಡಲು ಸರಿಯಾಗೇ ಇರುತ್ತದೆ. ಮೇಲೆ ನೋಡಿದಾಗ ಎರಡೆರಡು ಕಂಡರೆ ಅಥವಾ ವಾಂತಿ ಬಂದರೆ ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ನಾಳೆಗೆ ಬಿಡಬೇಡಿ. ವೈದ್ಯರು ಹೇಳುವವರೆಗೆ ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಲು ಬಿಡಬೇಡಿ. ಹಾಗೆ ಮಾಡಿದರೆ ಸೈನಸ್ಸಿನ ಗಾಳಿ ಬಿರುಕಿನ ಮೂಲಕ ಕಣ್ಣಿನ ಸುತ್ತ ನುಗ್ಗಬಹುದು.