ಹ್ಯಾಂಡಿಕ್ಯಾಮ್‌ನಿಂದ ಫೋಟೊ ತೆಗೆಯಬಹುದಾ?

ಕಪಾಟಿನಲ್ಲಿ ಬಿದ್ದಿರುವ ಹ್ಯಾಂಡಿಕ್ಯಾಮ್ ಬಗ್ಗೆ ಈ ಸಲ ಸುಮಾರು ಪತ್ರಗಳು ಬಂದಿವೆ. ಎಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ವಿಡಿಯೊ ತೆಗೆಯುವ ಕ್ಯಾಮೆರಾದಿಂದ ಫೋಟೊ ಸಿಗುತ್ತದಾ? ಸಿಗುತ್ತದೆ. ಎಷ್ಟು ದೊಡ್ಡದು, ಎಷ್ಟು ಸ್ಪಷ್ಟ ಅನ್ನುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ.

ಪ್ರ: ನಮ್ಮ ಅಜ್ಜಿಯದ್ದು ಒಂದು ಒಳ್ಳೆಯ ಫೋಟೊ ಕೂಡ ಇಲ್ಲ. 2003ರಲ್ಲಿ ಚಿಕ್ಕಪ್ಪನ ಮದುವೆಯಲ್ಲಿ ತೆಗೆದ ಮಿನಿ ಡಿವಿ ಕ್ಯಾಸೆಟ್‌ನಲ್ಲಿ ಅಜ್ಜಿ ಚಪ್ಪರದ ಕೆಳಗೆ ಕೂತು ಮಲ್ಲಿಗೆ ಕಟ್ಟುವ ದೃಶ್ಯ ಇದೆ. ಅದರಿಂದ ಗೋಡೆಗೆ ಹಾಕುವಷ್ಟು ದೊಡ್ಡ ಫೋಟೊ ಮಾಡಿಸಬಹುದಾ? ಇಲ್ಲಿನ ಸ್ಟುಡಿಯೊದವರು ಟಿವಿಯಲ್ಲಿ ನಿಲ್ಲಿಸಿ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಟ್ಟರು. ಕೈಮೇಲೆ, ಮುಖದ ಮೇಲೆ ಬರೀ ಗೆರೆಗಳು.
— ಓದುಗರು, ಸಾಗರ

ಉ: ಆ ಗೆರೆ ನೋಡಿ ಕ್ಯಾಸೆಟ್ ಹಾಳಾಗಿದೆ ಅಂದುಕೊಳ್ಳಬೇಡಿ. ಆ ಕಾಲದ ಕ್ಯಾಮೆರಾಗಳು ಇಡೀ ಚಿತ್ರವನ್ನು ಒಂದೇ ಏಟಿಗೆ ಹಿಡಿಯುತ್ತಿರಲಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ 50ನೇ ಒಂದು ಭಾಗ ಕಳೆದ ಮೇಲೆ ಉಳಿದ ಗೆರೆಗಳು. ಅಷ್ಟರಲ್ಲಿ ಅಜ್ಜಿಯ ಕೈ ಸ್ವಲ್ಪ ಸರಿದಿದ್ದರೂ ಸಾಕು, ಎರಡೂ ಸೇರಿದಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಏಳುತ್ತದೆ. ಟಿವಿಯಲ್ಲಿ ಓಡುವಾಗ ಇದು ಕಾಣುವುದಿಲ್ಲ, ನಿಲ್ಲಿಸಿದರೆ ಕಾಣುತ್ತದೆ.

ಹಾಗಾಗಿ ಟಿವಿಯಿಂದ ಮೊಬೈಲ್‌ಗೆ ತೆಗೆಯುವುದು ಬೇಡವೇ ಬೇಡ. ಮೊದಲು ಇಡೀ ಕ್ಯಾಸೆಟ್ಟನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಅದೂ ಫೈರ್‌ವೈರ್ ಕೇಬಲ್‌ನಲ್ಲಿ. ಸೋನಿ ಕ್ಯಾಮೆರಾ ಆದರೆ ಆ ಜಾಗದಲ್ಲಿ ಐಲಿಂಕ್ ಅಂತ ಬರೆದಿರುತ್ತದೆ. ಪಕ್ಕದಲ್ಲಿ ಯುಎಸ್‌ಬಿ ಕಿಂಡಿಯೂ ಇರುತ್ತದೆ, ಅದನ್ನು ನೋಡಿ ಸುಲಭ ಅಂತ ಆಸೆಪಡಬೇಡಿ. ಅಂಥ ಅನೇಕ ಕ್ಯಾಮೆರಾಗಳಲ್ಲಿ ಯುಎಸ್‌ಬಿ ಇದ್ದದ್ದು ಕಾರ್ಡಿನ ಫೋಟೊ ಇಳಿಸಲು ಮಾತ್ರ, ವಿಡಿಯೊ ಬಂದರೂ ಕಳಪೆಯಾಗಿ ಬರುತ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇಲ್ಲ, ಅದಕ್ಕೇ ಹಳೆ ಕಂಪ್ಯೂಟರ್ ಇನ್ನೂ ಇಟ್ಟುಕೊಂಡಿರುವ ಮದುವೆ ವಿಡಿಯೊದವರನ್ನು ಹುಡುಕಿ. ಶಿವಮೊಗ್ಗದ ಕಡೆ ವಿಚಾರಿಸಿ, ಸಿಕ್ಕೇ ಸಿಗುತ್ತಾರೆ. ವರ್ಷಗಟ್ಟಲೆ ಹಾಕದ ಕ್ಯಾಸೆಟ್ ಆದರೆ ಒಮ್ಮೆ ಕೊನೆವರೆಗೂ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಲು ಹೇಳಿ. ಮುಖ್ಯವಾಗಿ, ಕ್ಯಾಸೆಟ್ಟನ್ನು ಒಂದೇ ಕಡೆ ಪಾಜ್ ಮಾಡಿ ನಿಲ್ಲಿಸಬೇಡಿ. ಚಿತ್ರ ನಿಂತಿದ್ದರೂ ಒಳಗೆ ಟೇಪ್ ಓದುವ ಹೆಡ್ ಅದೇ ಜಾಗದ ಮೇಲೆ ಗಿರಗಿರ ತಿರುಗುತ್ತಲೇ ಇರುತ್ತದೆ, ಟೇಪ್ ಸವೆಯುತ್ತದೆ. ನಿಮ್ಮ ಅಜ್ಜಿ ಇರುವ ಜಾಗವೇ ಸವೆದುಹೋದರೆ ಆಮೇಲೆ ಏನು ಮಾಡುವುದು?

ಇಳಿಸಿದ ಮೇಲೆ ನಿಜವಾದ ಕೆಲಸ ಶುರು. ವಿಎಲ್‌ಸಿ ಪ್ಲೇಯರ್ ಸಾಕು, ದುಡ್ಡು ಕೊಡಬೇಕಿಲ್ಲ. ವಿಡಿಯೊ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ ಯಾಡಿಫ್ ಅಂತ ಇಡಿ. ಬಾಚಣಿಗೆ ಗೆರೆ ಹೋಗುತ್ತದೆ. ಕೀಬೋರ್ಡಿನ ಇ ಅಕ್ಷರ ಒತ್ತಿದಂತೆಲ್ಲ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ, ಶಿಫ್ಟ್ ಹಿಡಿದು ಎಸ್ ಒತ್ತಿದರೆ ಆ ಫ್ರೇಮ್ ಫೋಟೊ ಆಗಿ ಉಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಇರುತ್ತವೆ, ಅಂದರೆ ಒಂದು ನಿಮಿಷದ ದೃಶ್ಯದಲ್ಲಿ 1500 ಚಿತ್ರ! ಅವಸರ ಮಾಡಬೇಡಿ, ಕೂತು ನೋಡಿ. ಹೂವು ಕಟ್ಟುವವರು ದಾರ ಎಳೆಯುವಾಗ ಕೈಜೊತೆ ಭುಜ, ತಲೆ ಎಲ್ಲ ಅಲುಗುತ್ತದೆ, ಆ ಫ್ರೇಮ್‌ಗಳು ಮಸುಕು. ಗಂಟು ಬಿಗಿದಾದ ಮೇಲೆ, ಮುಂದಿನ ಹೂವಿಗೆ ಕೈ ಹಾಕುವ ಮೊದಲು, ಒಂದು ಕ್ಷಣ ಎಲ್ಲ ನಿಲ್ಲುತ್ತದೆ. ಯಾರೋ ಕರೆದಾಗ ಕಣ್ಣೆತ್ತಿ ನೋಡುತ್ತಾರಲ್ಲ, ಆಗಲೂ ಹಾಗೇ. ನಿಮಗೆ ಬೇಕಾದ ಫೋಟೊ ಅಲ್ಲೇ ಎಲ್ಲೋ ಇದೆ. ರೆಪ್ಪೆ ಮಿಟುಕಿಸುವುದಕ್ಕೂ ನಾಲ್ಕಾರು ಫ್ರೇಮ್ ಹೋಗುತ್ತವೆ, ಆದ್ದರಿಂದ ಕಣ್ಣು ಅರ್ಧ ಮುಚ್ಚಿರುವ ಫ್ರೇಮ್ ಸಿಕ್ಕಿದರೆ ಇನ್ನೂ ನಾಲ್ಕು ಮುಂದೆ ಹೋಗಿ ನೋಡಿ. ಇದನ್ನು ಸ್ಟುಡಿಯೊದವರಿಗೆ ಬಿಡಬೇಡಿ. ಅಜ್ಜಿಯ ಮುಖ ಯಾವಾಗ ಅಜ್ಜಿಯ ಮುಖದಂತೆ ಇರುತ್ತದೆ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತಾಗುವುದು.

ಇನ್ನು ದೊಡ್ಡದು ಮಾಡುವ ವಿಷಯ. ನಮ್ಮಲ್ಲಿ ಬಳಸುವ ಪಾಲ್ ಎಂಬ ಟಿವಿ ಪದ್ಧತಿಯ ಡಿವಿ ಫ್ರೇಮ್‌ನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಎಲ್ಲ ಸೇರಿ ನಾಲ್ಕು ಲಕ್ಷ ಚಿಲ್ಲರೆ, ಅಂದರೆ ಅರ್ಧ ಮೆಗಾಪಿಕ್ಸೆಲ್ ಕೂಡ ಇಲ್ಲ. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡುವ ಫೋಟೊಗೆ ಇಂಚಿಗೆ 200 ಚುಕ್ಕೆಯಾದರೂ ಬೇಕು ಅಂತ ಲೆಕ್ಕ ಹಾಕಿದರೆ ಮೂರೂವರೆ ಇಂಚಿನ ಅಗಲಕ್ಕೇ ಮುಗಿದುಹೋಯಿತು. ಗೋಡೆ ಮೇಲೆ ದೂರದಿಂದ ನೋಡುವುದಲ್ವಾ, ಹಾಗಾಗಿ 5x7 ಇಂಚಿನವರೆಗೆ ಧೈರ್ಯವಾಗಿ ಹೋಗಬಹುದು. ಅದಕ್ಕಿಂತ ಜಾಸ್ತಿ ಎಳೆಯಬೇಡಿ. 5x7 ಪ್ರಿಂಟ್ ಹಾಕಿಸಿ, ಸುತ್ತ ಅಗಲವಾದ ಬಿಳಿ ಮೌಂಟ್ ಬೋರ್ಡ್ ಕೊಟ್ಟು, ದೊಡ್ಡ ಕಟ್ಟು ಹಾಕಿಸಿ. ಗೋಡೆಯೂ ತುಂಬುತ್ತದೆ, ಮುಖವೂ ಕೆಡುವುದಿಲ್ಲ. ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡಿಸುವ ಆಸೆ ಬರುತ್ತದೆ, ಆದರೆ ಮುಖ ಫ್ರೇಮ್‌ನ ಕಾಲು ಭಾಗ ಎತ್ತರ ಇದ್ದರೆ ಅದಕ್ಕೆ ಸಿಗುವುದು 144 ಗೆರೆ ಅಷ್ಟೇ. ಹೂವಿನ ಬುಟ್ಟಿ, ಕೈ, ಚಪ್ಪರ ಎಲ್ಲ ಇರಲಿ ಬಿಡಿ, ಅದೇ ಚೆಂದ.

ಪ್ರಿಂಟಿಗೆ ಕೊಡುವ ಮೊದಲು ಇನ್ನೊಂದು ನೋಡಿಕೊಳ್ಳಿ. ಡಿವಿಯ ಚುಕ್ಕೆಗಳು ಸರಿಯಾದ ಚೌಕ ಅಲ್ಲ. 720x576 ಹಾಗೇ ಪ್ರಿಂಟ್ ಹಾಕಿದರೆ ಎಲ್ಲರೂ ಸ್ವಲ್ಪ ತೆಳ್ಳಗೆ ಕಾಣುತ್ತಾರೆ. ಎತ್ತರ ಹಾಗೇ ಇಟ್ಟು ಅಗಲವನ್ನು 768ಕ್ಕೆ ಎಳೆಯಬೇಕು. ಫೋಟೊಶಾಪ್ ಬಲ್ಲವರು ಯಾರಾದರೂ ಇದ್ದರೆ, ಅಜ್ಜಿ ಅಲುಗದೇ ಇರುವ ಅಕ್ಕಪಕ್ಕದ ನಾಲ್ಕು ಫ್ರೇಮ್ ಕೊಟ್ಟು, ಒಂದರ ಮೇಲೊಂದು ಇಟ್ಟು ಸರಾಸರಿ ಮಾಡಲು ಹೇಳಿ. ಮರಳಿನಂಥ ಕಾಳುಕಾಳು ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಆ ಕಾಳು ಪ್ರತಿ ಫ್ರೇಮ್‌ನಲ್ಲೂ ಬೇರೆ ಬೇರೆ ಕಡೆ ಬಿದ್ದಿರುತ್ತದೆ, ಮುಖ ಮಾತ್ರ ಇದ್ದಲ್ಲೇ ಇರುತ್ತದೆ.

ಕೊನೆಯದಾಗಿ, ಎಐ ಹಾಕಿ ಕ್ಲಿಯರ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಇಲ್ಲದ ಚುಕ್ಕೆಗಳನ್ನು ಅದು ಎಲ್ಲಿಂದ ತರುತ್ತದೆ? ಲಕ್ಷಾಂತರ ಬೇರೆಯವರ ಮುಖ ನೋಡಿ ಕಲಿತದ್ದರಿಂದ ತರುತ್ತದೆ. ಚರ್ಮ ನುಣ್ಣಗಾಗುತ್ತದೆ, ಕಣ್ಣು ಹೊಳೆಯುತ್ತದೆ, ಮೂಗುಬೊಟ್ಟು ಇದ್ದ ಜಾಗದಲ್ಲಿ ಇನ್ನೇನೋ ಮೂಡುತ್ತದೆ. ನೋಡಲು ಸ್ಪಷ್ಟವಾಗಿಯೇ ಇರುತ್ತದೆ, ಆದರೆ ಅದು ನಿಮ್ಮ ಅಜ್ಜಿ ಅಲ್ಲ. ಮುಂದೆ ನಿಮ್ಮ ಮಕ್ಕಳು ಆ ಮುಖವನ್ನೇ ಮುತ್ತಜ್ಜಿ ಅಂತ ನೆನಪಿಟ್ಟುಕೊಳ್ಳುತ್ತಾರೆ. ಸ್ವಲ್ಪ ಮಸುಕಾದರೂ ನಿಜವಾದದ್ದನ್ನೇ ಗೋಡೆಗೆ ಹಾಕಿ.

ಪ್ರ: ಊರಿನ ಬಯಲಾಟಕ್ಕೆ ಫುಲ್ ಎಚ್‌ಡಿ ಹ್ಯಾಂಡಿಕ್ಯಾಮ್ ಒಯ್ಯುತ್ತೇನೆ. ಅದರ ಫೋಟೊ ಬಟನ್‌ನಲ್ಲಿ 9 ಮೆಗಾಪಿಕ್ಸೆಲ್ ಅಂತ ಇದೆ. ಆ ಬಟನ್ ಒತ್ತಲೋ, ವಿಡಿಯೊ ತೆಗೆದು ಆಮೇಲೆ ಫ್ರೇಮ್ ಆರಿಸಲೋ? ವೇಷಧಾರಿ ಮಂಡಿ ಹಾಕುವಾಗ, ಅಂದರೆ ಮೊಣಕಾಲೂರಿ ಗಿರಗಿರ ತಿರುಗುವಾಗ, ತೆಗೆದದ್ದೆಲ್ಲ ಕಲಸಿಹೋಗುತ್ತದೆ, ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ.
— ಓದುಗರು, ಹೊನ್ನಾವರ

ಉ: ಬಯಲಾಟಕ್ಕೆ ವಿಡಿಯೊವೇ ಸರಿ. ಆ 9 ಮೆಗಾಪಿಕ್ಸೆಲ್ ನಂಬಿಕೊಂಡು ಕೂರಬೇಡಿ. ಇಂಥ ಬಹಳಷ್ಟು ಕ್ಯಾಮೆರಾಗಳ ಸೆನ್ಸರ್ ಉಗುರಿಗಿಂತ ಚಿಕ್ಕದು, ಅದು ನಿಜವಾಗಿ ಹಿಡಿಯುವುದು ಎರಡು ಮೆಗಾಪಿಕ್ಸೆಲ್ ಆಸುಪಾಸು. ಉಳಿದದ್ದು ಕ್ಯಾಮೆರಾ ಒಳಗೇ ಲೆಕ್ಕ ಹಾಕಿ ತುಂಬಿದ್ದು. ಫುಲ್ ಎಚ್‌ಡಿ ಫ್ರೇಮ್‌ನಲ್ಲೂ 1920x1080, ಅಂದರೆ ಸುಮಾರು 20 ಲಕ್ಷ ಚುಕ್ಕೆ ಇದೆ. 4x6 ಪ್ರಿಂಟಿಗೆ ಅಷ್ಟು ಧಾರಾಳ ಸಾಕು. ಮೆನುವಿನಲ್ಲಿ 50ಪಿ ಅಂತ ಇದ್ದರೆ ಅದನ್ನೇ ಇಡಿ. ಸೆಕೆಂಡಿಗೆ 50 ಪೂರ್ತಿ ಚಿತ್ರ ಸಿಗುತ್ತದೆ, ಮೇಲೆ ಹೇಳಿದ ಗೆರೆಯ ಕಾಟ ಇರುವುದಿಲ್ಲ.

ಮಂಡಿ ಕಲಸಿಹೋಗುವುದು ಶಟರ್‌ನಿಂದ. ರಾತ್ರಿ ಬೆಳಕಿನಲ್ಲಿ ಅದು ಸೆಕೆಂಡಿನ 50ನೇ ಒಂದು ಭಾಗ ತೆರೆದಿರುತ್ತದೆ, ಅಷ್ಟರಲ್ಲಿ ವೇಷ ಎಷ್ಟೋ ತಿರುಗಿರುತ್ತದೆ. 250ನೇ ಒಂದು ಭಾಗಕ್ಕೆ ಇಟ್ಟರೆ ತಿರುಗುವುದು ನಿಲ್ಲುತ್ತದೆ, ಆದರೆ ಬೆಳಕು ಐದು ಪಟ್ಟು ಕಡಿಮೆ, ಮೇಲಾಗಿ ಟ್ಯೂಬ್‌ಲೈಟ್ ಇದ್ದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಹಾಗಾಗಿ ಮಂಡಿಯನ್ನೇ ಹಿಡಿಯಲು ಹೋಗಬೇಡಿ. ಮಂಡಿ ಮುಗಿಸಿ ಎದ್ದು ನಿಂತು ಭಾಗವತರ ಕಡೆ ಒಮ್ಮೆ ತಿರುಗುತ್ತಾರಲ್ಲ, ಆ ಫ್ರೇಮ್ ತೆಗೆಯಿರಿ. ಎದೆ ಏರಿರುತ್ತದೆ, ಗೆಜ್ಜೆ ಕಾಲು ಊರಿರುತ್ತದೆ, ಕಣ್ಣಲ್ಲಿ ಇನ್ನೂ ಆವೇಶ ಇರುತ್ತದೆ. ಒಡ್ಡೋಲಗದಲ್ಲಿ, ಅಂದರೆ ವೇಷ ಮೊದಲ ಸಲ ರಂಗಕ್ಕೆ ಬರುವಾಗ, ತೆರೆ ಸರಿಯುವ ಕ್ಷಣವೂ ಹಾಗೇ. ಇಂಥ ಕ್ಷಣಕ್ಕೆ ಸರಿಯಾಗಿ ಫೋಟೊ ಬಟನ್ ಒತ್ತುವುದು ಕಷ್ಟ, ವಿಡಿಯೊದಲ್ಲಿ ಅದು ತಾನಾಗಿ ಬಂದು ಕೂತಿರುತ್ತದೆ.

ಮುಖ ಸುಡುವುದಕ್ಕೆ ಕಾರಣ ಹಿಂದಿನ ಕತ್ತಲೆ. ಕ್ಯಾಮೆರಾ ಕತ್ತಲೆ ನೋಡಿ ಬೆಳಕು ಏರಿಸುತ್ತದೆ, ಬಣ್ಣ ಹಚ್ಚಿದ ಮುಖ ಬಿಳಚಿಕೊಳ್ಳುತ್ತದೆ. ಸೀನ್ ಮೋಡ್‌ನಲ್ಲಿ ಸ್ಪಾಟ್‌ಲೈಟ್ ಇದ್ದರೆ ಹಾಕಿ, ಇಲ್ಲದಿದ್ದರೆ ಎಕ್ಸ್‌ಪೋಶರ್ ಕೈಯಲ್ಲೇ ಇಳಿಸಿ. ಹಿಂದಿನ ಸಾಲಲ್ಲಿ ಕೂತು ಪೂರ್ತಿ ಝೂಮ್ ಮಾಡುವ ಬದಲು ರಂಗಸ್ಥಳದ ಹತ್ತಿರವೇ ಕೂರಿ. ಪೂರ್ತಿ ಝೂಮ್ ಎಳೆದಾಗ ಅನೇಕ ಲೆನ್ಸ್‌ಗಳು ಮೊದಲಿನ ಐದನೇ ಒಂದು ಭಾಗದಷ್ಟೇ ಬೆಳಕು ಒಳಗೆ ಬಿಡುತ್ತವೆ.

ಪ್ರ: ರಂಗನತಿಟ್ಟಿಗೆ ಹೋಗುತ್ತಿದ್ದೇವೆ. 30 ಎಕ್ಸ್ ಝೂಮ್ ಇರುವ ಹ್ಯಾಂಡಿಕ್ಯಾಮ್ ಒಯ್ಯಬೇಕಾ, ಮೊಬೈಲ್ ಸಾಕಾ? ಡಬ್ಬದ ಮೇಲೆ ಇನ್ನೂ ದೊಡ್ಡ ಝೂಮ್ ನಂಬರ್ ಕೂಡ ಇದೆ.
— ಓದುಗರು, ತುಮಕೂರು

ಉ: ಒಯ್ಯಿರಿ, ಹ್ಯಾಂಡಿಕ್ಯಾಮ್ ಗೆಲ್ಲುವುದೇ ಇಂಥ ಕಡೆ. 30 ಎಕ್ಸ್ ಆಪ್ಟಿಕಲ್ ಝೂಮ್ ಅಂದರೆ ಗೂಡಿನಲ್ಲಿರುವ ಕೊಕ್ಕರೆ ಫ್ರೇಮ್ ತುಂಬ ಬರುತ್ತದೆ, ಸಾಮಾನ್ಯ ಮೊಬೈಲ್‌ನಲ್ಲಿ ಅಷ್ಟು ಆಗುವುದಿಲ್ಲ. ಡಬ್ಬದ ಮೇಲಿನ ಆ ದೊಡ್ಡ ನಂಬರ್ ಡಿಜಿಟಲ್ ಝೂಮ್‌ನದ್ದು. ಅದು ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವುದು ಅಷ್ಟೇ, ಹೊರಡುವ ಮೊದಲೇ ಮೆನುವಿನಲ್ಲಿ ಆಫ್ ಮಾಡಿಬಿಡಿ. ಬಿಸಿಲಿದ್ದರೆ ಶಟರ್ ತಾನಾಗಿ ಚುರುಕಾಗುತ್ತದೆ, ಹಾರುವ ಹಕ್ಕಿ ಕೂಡ ಸುಮಾರಾಗಿ ನಿಲ್ಲುತ್ತದೆ. ದೋಣಿ ಅಲುಗುವುದರಿಂದ ಚಿತ್ರದ ಅಲುಗಾಟ ತಗ್ಗಿಸುವ ಸ್ಟೆಡಿ ಶಾಟ್ ಆನ್ ಇರಲಿ, ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಳ್ಳಿ. ಬಂಡೆ ಮೇಲೆ ಬಿಸಿಲು ಕಾಯಿಸುವ ಮೊಸಳೆ ಕಂಡರೆ ಅದನ್ನೇ ಮೊದಲು ತೆಗೆಯಿರಿ, ಅಷ್ಟು ಅಲುಗದೆ ಪೋಸ್ ಕೊಡುವವರು ಬೇರೆ ಯಾರೂ ಸಿಗುವುದಿಲ್ಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ.

ಪ್ರ: ಮಗಳ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೊ ಹ್ಯಾಂಡಿಕ್ಯಾಮ್‌ನಲ್ಲೇ ತೆಗೆಯಬಹುದಾ?
— ಓದುಗರು, ಗದಗ

ಉ: ಫುಲ್ ಎಚ್‌ಡಿ ಆದರೆ ತೆಗೆಯಬಹುದು. 35x45 ಮಿಲಿಮೀಟರ್ ಫೋಟೊಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸುಮಾರು 413x531 ಸಾಕು. ಬಾಗಿಲ ಹತ್ತಿರ ಬೆಳಕಿಗೆ ಮುಖ ಮಾಡಿ ಕೂರಿಸಿ. ನೀವು ಎರಡು ಮೀಟರ್ ಹಿಂದೆ ನಿಂತು ಸ್ವಲ್ಪ ಝೂಮ್ ಮಾಡಿ, ತೀರಾ ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ.

ಪ್ರ: ಅಪ್ಪ ತೆಗೆದ ಹಳೆ ಮಿನಿ ಡಿವಿ ಕ್ಯಾಸೆಟ್ ನೋಡುವಾಗ ಮಧ್ಯೆ ಮಧ್ಯೆ ಚಿತ್ರ ಏಳೆಂಟು ಸೆಕೆಂಡು ನಿಂತುಬಿಡುತ್ತದೆ, ಧ್ವನಿ ಮಾತ್ರ ಬರುತ್ತಿರುತ್ತದೆ. ಕ್ಯಾಸೆಟ್ ಕೆಟ್ಟಿದೆಯಾ, ಪ್ಲೇಯರ್ ಕೆಟ್ಟಿದೆಯಾ?
— ಓದುಗರು, ಪುತ್ತೂರು

ಉ: ಎರಡೂ ಕೆಟ್ಟಿಲ್ಲ. ಅವು ನಿಮ್ಮ ಅಪ್ಪ ತೆಗೆದ ಫೋಟೊಗಳು! ಆಗಿನ ಅನೇಕ ಕ್ಯಾಮೆರಾಗಳಲ್ಲಿ ಫೋಟೊ ಬಟನ್ ಒತ್ತಿದರೆ ಚಿತ್ರ ನಿಂತು, ಅದೇ ಚಿತ್ರ ಸುಮಾರು ಏಳು ಸೆಕೆಂಡು ಟೇಪಿನ ಮೇಲೆ ದಾಖಲಾಗುತ್ತಿತ್ತು, ಸುತ್ತಲಿನ ಮಾತು ಸಹಿತ. ಕ್ಯಾಮೆರಾದಲ್ಲಿ ಕಾರ್ಡ್ ಬರುವ ಮೊದಲು ಫೋಟೊ ತೆಗೆಯುತ್ತಿದ್ದದ್ದೇ ಹೀಗೆ. ನೀವು ಸುಮ್ನೆ ಅವನ್ನು ಓಡಿಸಿ ಮುಂದೆ ಹೋಗಬೇಡಿ. ಅಪ್ಪ ಬೇಕಂತಲೇ ಆರಿಸಿ ನಿಲ್ಲಿಸಿದ ಚಿತ್ರಗಳು ಅವು, ಒಂದೊಂದನ್ನೂ ವಿಎಲ್‌ಸಿಯಲ್ಲಿ ಬೇರೆ ತೆಗೆದಿಟ್ಟುಕೊಳ್ಳಿ. ಧ್ವನಿಯನ್ನೂ ಬಿಡಬೇಡಿ, ಫೋಟೊ ತೆಗೆಯುವಾಗ ಅಪ್ಪ ಏನು ಹೇಳುತ್ತಿದ್ದರು ಅನ್ನುವುದು ಅದರಲ್ಲಿರುತ್ತದೆ. ಒಂದೇ ಚಿತ್ರ ನೂರೈವತ್ತಕ್ಕೂ ಹೆಚ್ಚು ಫ್ರೇಮ್‌ಗಳಲ್ಲಿ ಮತ್ತೆ ಮತ್ತೆ ದಾಖಲಾಗಿರುವುದರಿಂದ ಇನ್ನೊಂದು ಅನುಕೂಲ ಇದೆ. ಟೇಪ್ ಹಳತಾಗಿ ಒಂದು ಫ್ರೇಮ್‌ನಲ್ಲಿ ಚೌಕ ಚೌಕವಾಗಿ ಚಿತ್ರ ಒಡೆದಿದ್ದರೆ ಇ ಒತ್ತಿ ಮುಂದಿನದಕ್ಕೆ ಹೋಗಿ, ಅದೇ ಚಿತ್ರ ಅಲ್ಲಿ ಚೆನ್ನಾಗಿ ಉಳಿದಿರಬಹುದು.